ಹಲಗೇರಿಯಲ್ಲಿ ಐವತ್ತೊಂದನೆಯ ಕಲಮು

ಎರಡು ದೇಶಗಳು ನಾಲ್ಕು ದಿನ ಆಕಾಶದಲ್ಲಿ ಬಡಿದಾಡಿ ಕದನವಿರಾಮಕ್ಕೆ ಒಪ್ಪಿ ಎರಡು ದಿನವಾಗಿತ್ತು. ೨೦೨೫ರ ಮೇ ತಿಂಗಳ ಆ ಸೋಮವಾರ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಲಗೇರಿಯ ಅಜ್ಜಪ್ಪ ತನ್ನ ತಮ್ಮನ ಮಗ ರುದ್ರಮುನಿಯ ಕುತ್ತಿಗೆ ಹಿಡಿದು, ಅವನ ಮುಖವನ್ನು ಮೆಣಸಿನಕಾಯಿಯ ರಾಶಿಯೊಳಗೆ ಕಿವಿಯವರೆಗೆ ಅದುಮಿದ.

ನಾನು ಅಲ್ಲೇ ಇದ್ದೆ. ವರ್ಷದ ಖಾರಕ್ಕೆ ಕಾಯಿ ಕೊಳ್ಳಲು ರಾಣೆಬೆನ್ನೂರಿನಿಂದ ಬಂದಿದ್ದೆ. ಅಜ್ಜಪ್ಪನಿಗೆ ಐವತ್ತೆಂಟು, ಮೈಕಟ್ಟು ಎತ್ತಿನದು. ರುದ್ರಮುನಿಗೆ ಇಪ್ಪತ್ನಾಲ್ಕು, ಮೈಕಟ್ಟು ಲಾ ಕಾಲೇಜಿನದು. ಮೂವರು ಹಮಾಲರು ಸೇರಿ ಎಳೆದರೂ ಅಜ್ಜಪ್ಪನ ಹಿಡಿತ ಸಡಿಲಾಗಲಿಲ್ಲ. ಹುಡುಗನ ಕಾಲುಗಳು ಸಿಮೆಂಟು ನೆಲವನ್ನು ಒದೆಯುತ್ತಿದ್ದವು, ಒಂದು ಚಪ್ಪಲಿ ಹಾರಿ ತಕ್ಕಡಿಯ ಮೇಲೆ ಬಿತ್ತು.

"ಹೇಳಲೇ, ಇನ್ನೊಮ್ಮೆ ಹೇಳ! ದೊಡ್ಡಪ್ಪನ ಪುಣ್ಯಾ ಅಂದೆಲ್ಲ, ಹೇಳ!"

ಬಿಟ್ಟಾಗ ರುದ್ರಮುನಿ ಮೊಣಕಾಲ ಮೇಲೆ ಎದ್ದು ಉಗುಳಿದ. ಬಿದ್ದದ್ದು ರಕ್ತವೋ ಕಾಯಿಯ ಬಣ್ಣವೋ ಯಾರಿಗೂ ಗೊತ್ತಾಗಲಿಲ್ಲ. ಹಮಾಲ ಗೂಡುಸಾಬ ಅವನ ಕಣ್ಣಿಗೆ ಕೊಡದ ನೀರು ಸುರಿಯುತ್ತ, "ಬ್ಯಾಡಗಿ ಕಾಯಿ ಅಂತ ಉಳದಿ ತಮ್ಮಾ. ಇದಕ್ಕ ಬಣ್ಣಾ ಜಾಸ್ತಿ, ಖಾರ ಕಡಿಮಿ. ಗುಂಟೂರ ಕಾಯಿ ಆಗಿದ್ರ ಇವತ್ತ ಕುಡ್ಡ ಆಗತಿದ್ದಿ" ಎಂದ.

ಹುಡುಗ ಖರೀದಿದಾರರ ಎದುರು ಆಡಿದ ಮಾತು ದೊಡ್ಡದೇನಲ್ಲ. "ಈ ಕಾಯಿ ತಲೀಮ್ಯಾಲೆ ಹೊತ್ತು ರಸ್ತಾಕ್ಕ ತಂದೇನ್ರಿ. ನಮ್ಮ ಹೊಲದ ದಾರಿಗೆ ಕಲ್ಲ ಇಟ್ಟ ದೊಡ್ಡಪ್ಪನ ಪುಣ್ಯಾ" ಎಂದಿದ್ದ, ಅಷ್ಟೆ.

ಕಲ್ಲಿನ ಕಥೆ ಟಿ.ವಿ.ಯಿಂದ ಶುರುವಾಗಿತ್ತು. ಅಜ್ಜಪ್ಪನೂ ಅವನ ತಮ್ಮನೂ ಪಾಲಾದಾಗ ತಮ್ಮನಿಗೆ ಕೆಳಗಿನ ನಾಲ್ಕೆಕರೆ ಬಂತು. ಅಲ್ಲಿಗೆ ಚಕ್ಕಡಿ ಹೋಗಬೇಕಾದರೆ ಅಜ್ಜಪ್ಪನ ಹೊಲದ ಬದುವಿನ ಮೇಲೇ ಹೋಗಬೇಕು. ಪಾಲಿನ ವಾಟಣಿ ಪತ್ರದಲ್ಲಿ ಹಾಗೆ ಬರೆದಿತ್ತು. ಏಪ್ರಿಲಿನಲ್ಲಿ ಪಕ್ಕದ ದೇಶದೊಡನೆ ಅರವತ್ತೈದು ವರ್ಷದ ನದೀನೀರಿನ ಒಪ್ಪಂದವನ್ನು ಅಮಾನತಿನಲ್ಲಿಟ್ಟ ಸುದ್ದಿ ಬಂದ ರಾತ್ರಿ ಅಜ್ಜಪ್ಪ ಕಟ್ಟೆಯ ಮೇಲೆ ಕೂತು, "ದೇಶನ ಒಪ್ಪಂದ ಅಮಾನತ್ತಿನಾಗ ಇಟ್ಟೈತಿ, ನಾ ಒಂದ ದಾರಿ ಇಡಬಾರದನು?" ಎಂದ. ಮರುದಿನ ಬದುವಿನ ಬಾಯಿಗೆ ಆಳೆತ್ತರದ ಕಲ್ಲು ಹುಗಿಸಿದ. ಒಂದೇ ಪಕ್ಷ ಒಪ್ಪಂದವನ್ನು ಹೀಗೆ ತಡೆಹಿಡಿಯಬಹುದೇ ಎಂದು ಜಗತ್ತಿನ ಪಂಡಿತರು ಕಿತ್ತಾಡುತ್ತಿದ್ದರು. ಹಲಗೇರಿಯಲ್ಲಿ ಕಿತ್ತಾಡಲು ಪಂಡಿತರು ಬೇಕಾಗಲಿಲ್ಲ.

ರುದ್ರಮುನಿ ನನ್ನ ವಿದ್ಯಾರ್ಥಿ. ನಾನು ಪ್ರಾಣೇಶ, ಬೆಳಿಗ್ಗೆ ರಾಣೆಬೆನ್ನೂರಿನ ಕೋರ್ಟಿನಲ್ಲಿ ಟ್ರ್ಯಾಕ್ಟರ್ ಅಪಘಾತದ ಕೇಸು, ಮಧ್ಯಾಹ್ನ ಒಂದು ಖಾಸಗಿ ಲಾ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನು. ಒಂದರಿಂದ ಹೊಟ್ಟೆ ತುಂಬುತ್ತದೆ, ಇನ್ನೊಂದರಿಂದ ಬಾಯಿ.

ಮಾರುಕಟ್ಟೆಯ ಹೊಡೆತವಾದ ವಾರಕ್ಕೆ ಅವನ ತಾಯಿ ಗದಿಗೆವ್ವ ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ಕೂತಳು, ಕುರ್ಚಿ ಬೇಡವೆಂದಳು.

"ಇವರಪ್ಪ ಯಾರದೋ ಜಗಳಕ್ಕ ಕೊಡ್ಲಿ ಹಿಡಕೊಂಡು ಹೋದಾಂವ ಹೆಣಾ ಆಗಿ ಬಂದ್ರಿ ಸರ್. ಇವನ ಕೈಯಾಗ ಕೊಡ್ಲಿ ಬರಬಾರದು ಅಂತ ಕಾನೂನಿಗೆ ಹಾಕೇನಿ. ಹೊಲಾ ಹೋದ್ರ ಹೋಗ್ಲಿ. ಇವ ಕೈ ಎತ್ತಲಾರದಂಗ ನೋಡ್ಕೊರಿ. ನಿಮ್ಮ ಮಾತ ಕೇಳ್ತಾನ."

"ನೀ ಏನೂ ಕಾಳಜಿ ಮಾಡಬ್ಯಾಡವಾ. ಕಾನೂನು ಕಲಿತಾಂವ ಕೈ ಎತ್ತೋದಿಲ್ಲ, ಬರೇ ಬಾಯಿ ಎತ್ತತಾನ" ಎಂದೆ. ಅವಳು ನಗಲಿಲ್ಲ.

ಮಳೆಗಾಲದಲ್ಲಿ ಎರಡೂ ಕಡೆಯಿಂದ ಏಟಿಗೆ ಏಟು ಬಿತ್ತು. ರುದ್ರಮುನಿ ಕೋರ್ಟಿನಲ್ಲಿ ದಾರಿಯ ದಾವೆ ಹಾಕಿದ. ವಾಯಿದೆಯ ಮೇಲೆ ವಾಯಿದೆ. ಜುಲೈಯಲ್ಲಿ ಅಜ್ಜಪ್ಪನ ಹನಿ ನೀರಾವರಿಯ ಪೈಪುಗಳೆಲ್ಲ ಗೇಣು ಗೇಣಿಗೆ ಕತ್ತರಿಸಿ ಬಿದ್ದಿದ್ದವು. ಆಗಸ್ಟಿನಲ್ಲಿ ರುದ್ರಮುನಿಯ ಎತ್ತು ಬದುವಿನ ಮುಳ್ಳುತಂತಿಯಲ್ಲಿ ಸಿಕ್ಕಿ ಕಾಲು ಮುರಿದುಕೊಂಡಿತು. ತಂತಿ ಹಾಕಿದವರು ಯಾರೆಂದು ಕೇಳಲು ಹೋದವನನ್ನು ಅಜ್ಜಪ್ಪನ ಆಳುಗಳು ಕೊಡಲಿಯ ಕಾವಿನ ಕಟ್ಟಿಗೆಯಿಂದ ಬಡಿದರು. ಎಡಗೈಯ ಎರಡು ಬೆರಳು ಮುರಿದವು. ಎತ್ತು ಮೂರು ದಿನ ಕೂಗಿ ಸತ್ತಿತು. ಅದನ್ನು ಹೂಳಲು ಬೇರೆ ದಾರಿಯಿಲ್ಲದೆ ತಾಯಿ ಮಗ ಇಬ್ಬರೇ ಹೊಲದಲ್ಲೇ ಗುಂಡಿ ತೋಡಿದರು. ಒಬ್ಬರು ಒಂದೇ ಕೈಯಲ್ಲಿ.

ಸೆಪ್ಟೆಂಬರಿನಲ್ಲಿ ನಾನು ಆತ್ಮರಕ್ಷಣೆಯ ಪಾಠಕ್ಕೆ ಬಂದೆ.

ಆ ಪಾಠವೆಂದರೆ ನನಗೆ ಹಬ್ಬ. ಭದ್ರತಾ ಮಂಡಳಿಯ ಸಭೆಯನ್ನು ಒಬ್ಬನೇ ನಡೆಸುತ್ತೇನೆ. ದೊಡ್ಡ ದೇಶದ ಪ್ರತಿನಿಧಿಗೆ ಮಾರುಕಟ್ಟೆಯ ದಲಾಲರ ಗತ್ತು. ಸಣ್ಣ ದೇಶದವನಿಗೆ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳುವವನ ದನಿ. ಮಹಾಕಾರ್ಯದರ್ಶಿಗೆ ನಮ್ಮ ಅಣ್ಣಾಜಿ ಕಾಕಾನದು. ಪಂಕ್ತಿಯಲ್ಲಿ ಬೀಗರು ತಂಬಿಗೆ ಎಸೆದಾಡುತ್ತಿದ್ದರೂ ಕಾಕಾ "ಶಾಂತ, ಶಾಂತ, ಹೋಳಿಗಿ ಇನ್ನೊಂದು ಹಾಕ್ಲೇನು?" ಎನ್ನುತ್ತಾನೆ. "ಐದು ಮಂದಿಗೆ ವೀಟೊ, ಉಳಿದವರಿಗೆ ಈಟೀಟೊ" ಎಂದಾಗ ಹಿಂದಿನ ಬೆಂಚು ಕುಣಿಯಿತು.

ಆಮೇಲೆ ಪಾಠ. "ವಿಶ್ವಸಂಸ್ಥೆಯ ಸನ್ನದಿನ ಎರಡನೇ ಕಲಮು ಏನಂತದ? ಯಾವ ದೇಶನೂ ಕೈ ಎತ್ತಬಾರದು, ಎತ್ತತೇನಿ ಅಂತ ಹೆದರಸನೂಬಾರದು. ಐವತ್ತೊಂದನೇದು ಒಂದ ಕಿಟಕಿ ಇಟ್ಟದ. ಸಶಸ್ತ್ರ ದಾಳಿ ಆದ್ರ ತಿರುಗಿ ಹೊಡೀಬಹುದು, ಹೊಡದದ್ದನ್ನ ತಕ್ಷಣ ಭದ್ರತಾ ಮಂಡಳಿಗೆ ವರದಿ ಮಾಡಬೇಕು. ಈಗ ಆ ಕಿಟಕಿಯೊಳಗ ಆನಿ ಹೋಗ್ಲಿಕತ್ತಾವ. ಇಪ್ಪತ್ತೆರಡರಾಗ ಉಕ್ರೇನಿಗೆ ಸೈನ್ಯಾ ನುಗ್ಗಿಸಿದವರೂ ಇದೇ ಕಲಮು ಓದಿದ್ರು. ಈ ಜೂನಿನಾಗ ಇರಾನಿನ ಮ್ಯಾಲೆ ವಿಮಾನ ಕಳಿಸಿದವರೂ ಆತ್ಮರಕ್ಷಣಾ ಅಂದ್ರು."

ರುದ್ರಮುನಿ ಎದ್ದು ನಿಂತ. ಎರಡು ಬೆರಳಿಗೆ ಪಟ್ಟಿ ಇತ್ತು.

"ಸರ್, ದಾಳಿ 'ಆದ್ರ' ಅಂತೈತ್ರಿ. ಆಗೂತನಕ ಕಾಯಬೇಕನ್ರಿ? ಕಾದು ಸಾಯಬೇಕನ್ರಿ?"

ಒಳ್ಳೆಯ ಪ್ರಶ್ನೆ. ನನಗೆ ಹುರುಪು ಬಂತು. ೧೮೩೭ರಲ್ಲಿ ಕೆನಡಾದ ಕಡೆಯಿಂದ ಬ್ರಿಟಿಷರು ಹೊಳೆ ದಾಟಿ ಅಮೆರಿಕದ ದಡದಲ್ಲಿದ್ದ 'ಕ್ಯಾರೊಲಿನ್' ಎಂಬ ಹಡಗಿಗೆ ಬೆಂಕಿಯಿಟ್ಟು ನಯಾಗರಾ ಜಲಪಾತದ ಕಡೆ ತೇಲಿಬಿಟ್ಟ ಕಥೆ ಹೇಳಿದೆ. ಆಮೇಲೆ ಅಮೆರಿಕದ ಮಂತ್ರಿ ಬರೆದ ಪತ್ರದ ಸೂತ್ರವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: ಅಪಾಯ ಆ ಕ್ಷಣದ್ದಾಗಿರಬೇಕು, ತಡೆಯಲಾರದ್ದಾಗಿರಬೇಕು, ಬೇರೆ ದಾರಿ ಇರಬಾರದು, ಯೋಚಿಸಲು ಪುರಸೊತ್ತು ಇರಬಾರದು. ಹಾಗಿದ್ದರೆ ಮೊದಲು ಹೊಡೆದವನೂ ರಕ್ಷಣೆಗೇ ಹೊಡೆದ ಎನ್ನಬಹುದು. ಆದರೆ ಏಟು ಪ್ರಮಾಣ ಮೀರಬಾರದು. ಇದನ್ನು ಒಪ್ಪದವರೇ ಬಹಳ ಎಂದೂ ಹೇಳಿದೆ. ಆದರೆ ಅದನ್ನು ಹಲಗೆಯ ಮೇಲೆ ಬರೆಯಲಿಲ್ಲ. ರುದ್ರಮುನಿ ಹಲಗೆಯ ಮೇಲಿದ್ದದ್ದನ್ನಷ್ಟೇ ಬರೆದುಕೊಂಡ. ಬೇರೆ ದಾರಿ ಇರಬಾರದು ಎಂಬುದರ ಕೆಳಗೆ ಎರಡು ಗೆರೆ ಎಳೆದ.

ಮುಂದಿನ ಬೆಂಚಿನ ರಂಜನಾ ಕೈ ಎತ್ತಿದಳು. "ಆದರ ಸರ್, ಎದುರಿನವ ಹೊಡೀಲಿಕ್ಕೆ ಬರ್ಲಿಕತ್ತಾನೋ ರಾಜಿ ಆಗಲಿಕ್ಕೆ ಬರ್ಲಿಕತ್ತಾನೋ, ಒಂದು ಕ್ಷಣದಾಗ ಹೆಂಗ ಗೊತ್ತಾಗ್ತದ?"

ನಾನು ಅಣ್ಣಾಜಿ ಕಾಕಾನ ದನಿ ತೆಗೆದೆ. "ಕೈಯಾಗ ಹತ್ಯಾರ ಹಿಡಕೊಂಡು ರಾಜಿಗೆ ಯಾರು ಬರ್ತಾರವಾ ತಂಗಿ?" ಕೋಣೆ ನಕ್ಕಿತು. ರಂಜನಾ ಕೈ ಇಳಿಸಿದಳು. ರುದ್ರಮುನಿ ಅದನ್ನೂ ಬರೆದುಕೊಂಡ.

ದಸರೆಗೆ ಎಂಟು ದಿನ ಮುಂಚೆ ಅಜ್ಜಪ್ಪನೇ ನಮ್ಮ ಮನೆಗೆ ಬಂದ. ನನಗೆ ಮೊದಲು ಕಂಡದ್ದು ಅವನ ಅಂಗೈ, ಮಾರುಕಟ್ಟೆಯಲ್ಲಿ ಕಂಡಿದ್ದ ಅದೇ ಅಗಲ ಅಂಗೈ. ಒಂದು ಹೆಜ್ಜೆ ಹಿಂದೆ ಸರಿದೆ.

"ಅಂಜಬ್ಯಾಡ್ರಿ, ಹೊಡಿಯಾಕ ಬಂದಿಲ್ಲ" ಎಂದು ಕೂತ. "ನಿನ್ನಿ ಆ ಹುಡುಗ ಎದುರಾದ. ಬೈಲಿಲ್ಲ, ದಾರಿ ಬಿಟ್ಟು ಸರೀಲಿಲ್ಲ. ಸುಮ್ನ ನೋಡಿದ. ಅವರಪ್ಪ ಕೊಡ್ಲಿ ಹಿಡಕೊಂಡು ಹೋಗೂ ಮುಂಜಾನಿ ನನ್ನ ಹಿಂಗ ನೋಡಿದ್ದ. ಅಂಜಿಕಿ ಬಂತ್ರಿ. ನನ್ನ ಸಲುವಾಗಿ ಅಲ್ಲ" ಎಂದ. "ಹೆಗಲಮ್ಯಾಲೆ ಹೊತ್ತ ಕೂಸದು. ನನ್ನ ಕಿವಿ ಹಿಡಕೊಂಡು ಎತ್ತಿನಂಗ ಹೊಡೀತಿತ್ತು. ಅವ ಕೋರ್ಟಿಗೆ ಹ್ವಾದ ಅಂತ ನನಗ ಸಿಟ್ಟು. ಈಗ ಹೆಂಗ ಹಿಂದಕ್ಕ ಬರೂದು ತಿಳೀವಲ್ದು. ನೀವು ದೇಶದೇಶದ ಜಗಳ ಓದಿದವರು."

ಅಂಥ ಮಾತು ಯಾರಾದರೂ ನನಗೆ ಹೇಳಿದ್ದರೆ ಅದೇ ಮೊದಲು. ಎದೆ ಉಬ್ಬಿತು.

"ದೊಡ್ಡ ದೇಶ ಮೊದಲ ಹಿಂದ ಸರೀಬೇಕು. ಸಣ್ಣದು ಸರಿದ್ರ ಸೋತಂಗ, ದೊಡ್ಡದು ಸರಿದ್ರ ಉದಾರ ಅನ್ನಿಸಿಕೊಳ್ತದ. ನೀವ ಹೋಗ್ರಿ. ಅವನ ಕಣ್ಣೆದುರಿಗೆ ಕಲ್ಲು ಕೀಳಸ್ರಿ. ಬನ್ನಿ ಹಬ್ಬದ ದಿನಾನ ಹೋಗ್ರಿ, ಬನ್ನಿ ಕೊಟ್ಟ ಬರ್ರಿ."

ಅಜ್ಜಪ್ಪ ಎದ್ದೇಬಿಟ್ಟ. "ಏನ್ ಮಾತಾಡ್ತೀರಿ? ಹಿರ್ಯಾ ಆದಾಂವ ಸಣ್ಣಾಂವನ ಮನೀಗೆ ಬನ್ನಿ ಹಿಡಕೊಂಡು ಹೋಗೂದ? ನಮ್ಮ ಓಣ್ಯಾಗ ಯಾರ ಹೋಗ್ಯಾರ?"

ಅವನ ಮಾತು ಖರೇ. ನಮ್ಮ ಕಡೆ ದಸರೆಯ ಸಂಜೆ ಬನ್ನಿ ಎಲೆಯನ್ನು ಸಣ್ಣವರು ಒಯ್ದು ದೊಡ್ಡವರ ಕೈಗಿಟ್ಟು ಕಾಲಿಗೆ ಬೀಳುತ್ತಾರೆ. ದೊಡ್ಡವರು ಮನೆಯಲ್ಲಿ ಕೂತಿರುತ್ತಾರೆ. ಇದು ತಲೆಕೆಳಗಾದದ್ದನ್ನು ನಾನೂ ಕಂಡಿಲ್ಲ.

"ಯಾರೂ ಹೋಗಿಲ್ಲ, ಅದಕ್ಕ ನೀವು ಹೋಗ್ರಿ" ಎಂದೆ.

ಅಜ್ಜಪ್ಪ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ಟವೆಲ್ಲು ಹಿಂಡಿದ. "ಹೋಗ್ತೇನಿ. ಆದ್ರ ಒಂದ ಆಣಿ ಮಾಡ್ರಿ. ಯಾರಿಗೂ ಹೇಳಬಾರದು, ಅವಗೂ ಹೇಳಬಾರದು. ಮೊದಲ ಗೊತ್ತಾತಂದ್ರ ಊರ ನಗತೈತಿ, ನಾ ಮನೀ ಬಿಟ್ಟ ಹೊರಗ ಬೀಳೂದಿಲ್ಲ."

ಆಣೆ ಮಾಡಿದೆ. ತೆರೆಮರೆಯ ರಾಜತಂತ್ರ ಎಂಬ ಮಾತನ್ನು ಪುಸ್ತಕದಲ್ಲಿ ಓದಿದ್ದೆ. ಈಗ ತೆರೆಯ ಹಿಂದೆ ನಾನೇ ನಿಂತಿದ್ದೆ. ಆ ಎಂಟು ದಿನ ರುದ್ರಮುನಿ ನಾಲ್ಕು ಸಲ ಕಾಲೇಜಿನಲ್ಲಿ ಎದುರಾದ. ನಾಲ್ಕು ಸಲವೂ ತುಟಿ ಕಚ್ಚಿ ನಕ್ಕೆ. "ಏನ್ರಿ ಸರ್?" ಎಂದರೆ "ದಸರಾದ ಸೀಮೋಲ್ಲಂಘನ ಹತ್ರ ಬಂತಲ್ಲಪಾ" ಎಂದೆ.

ಅಕ್ಟೋಬರ್ ಎರಡು, ಗಾಂಧಿ ಜಯಂತಿ ಮತ್ತು ವಿಜಯದಶಮಿ ಒಂದೇ ದಿನ ಬಂದಿದ್ದವು. ಅಂದು ಸಂಜೆ ಹಲಗೇರಿಯಲ್ಲಿ ನಡೆದದ್ದನ್ನು ಗದಿಗೆವ್ವ ಮತ್ತು ಅಜ್ಜಪ್ಪನ ಆಳು ದಾದಾಸಾಬ ಹೇಳಿದ್ದರಿಂದ ಕೂಡಿಸಿದ್ದೇನೆ.

ಹಿಂದಿನ ದಿನ ಖಂಡೇಪೂಜೆ. ಮನೆಯ ಹತ್ಯಾರಗಳನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಇಟ್ಟಿರುತ್ತಾರೆ. ಬನ್ನಿ ಮುಗಿಯುವ ತನಕ ಅವನ್ನು ಯಾರೂ ಕೆಲಸಕ್ಕೆ ಎತ್ತುವುದಿಲ್ಲ. ಅಜ್ಜಪ್ಪನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಇವತ್ತೇ ಆಗಬೇಕು, ಹುಡುಗನ ಕಣ್ಣೆದುರೇ ಆಗಬೇಕು. ಪೂಜೆಯ ಹಾರೆಯನ್ನೂ ಗುದ್ದಲಿಯನ್ನೂ ದಾದಾಸಾಬನ ಹೆಗಲಿಗೇರಿಸಿ ಬದುವಿನ ಮೇಲೆ ನಡೆದ. ಎಲ್ಲಿಗೆ, ಯಾಕೆ ಎಂದು ಅವನಿಗೂ ಪೂರ್ತಿ ಹೇಳಲಿಲ್ಲ; "ಕಲ್ಲ ಕೀಳೂದೈತಿ ಬಾ" ಎಂದನಷ್ಟೆ. ಬನ್ನಿ ಎಲೆಯ ಟೊಂಗೆಯನ್ನು ಬಲಗೈಯಲ್ಲಿ ಹಿಡಿದು, ಓಣಿಯವರಿಗೆ ಕಾಣದಂತೆ ಕೈಯನ್ನು ಟವೆಲ್ಲಿನೊಳಗೆ ಸುತ್ತಿಕೊಂಡಿದ್ದ.

ಹೊಲದಂಚಿನ ಮನೆಯ ಬಾಗಿಲಲ್ಲಿ ರುದ್ರಮುನಿ ನಿಂತಿದ್ದ. ಇಳಿಹೊತ್ತು. ಕಲ್ಲಿನ ಆಚೆಯಿಂದ ದೊಡ್ಡಪ್ಪ ಬರುತ್ತಿದ್ದಾನೆ. ಬನ್ನಿಯ ದಿನ ಯಾವ ಹಿರಿಯನೂ ಸಣ್ಣವನ ಮನೆಗೆ ಬರುವುದಿಲ್ಲ. ಯಾವ ಮನೆಯಿಂದಲೂ ಹಾರೆ ಹೊರಬೀಳುವುದಿಲ್ಲ. ಹಾರೆಯ ತುದಿಯಲ್ಲಿ ಕುಂಕುಮ. ಕೈ ಟವೆಲ್ಲಿನೊಳಗೆ.

"ಏ ರುದ್ರಾ! ಹೊರಗ ಬಾರಲೇ!" ಅಜ್ಜಪ್ಪನಿಗೆ ಮೆಲ್ಲಗೆ ಕರೆಯಲು ಬರುತ್ತಿರಲಿಲ್ಲ.

"ಅಲ್ಲೇ ನಿಂದ್ರು ದೊಡ್ಡಪ್ಪ. ಕೈ ಹೊರಗ ತಗಿ."

"ತಗೀತೇನಿ ತಡಿ, ನಿನ್ನ ಮುಂದ ಬಂದ ತಗೀತೇನಿ."

ದಾದಾಸಾಬನ ಎದುರು ತೆಗೆಯಲು ಅವನಿಗೆ ನಾಚಿಕೆ. ಕಲ್ಲನ್ನು ಸುತ್ತಿ ಬಂದು ಅಂಗಳಕ್ಕೆ ಕಾಲಿಟ್ಟ. ನಗುತ್ತಿದ್ದ ಎಂದು ದಾದಾಸಾಬ ಹೇಳುತ್ತಾನೆ. ಹಲ್ಲು ಕಚ್ಚಿದಂತೆ ಕಂಡಿತು ಎಂದು ಗದಿಗೆವ್ವ. ರುದ್ರಮುನಿ ಬಾಗಿಲ ಪಕ್ಕ ಪೂಜೆಗಿಟ್ಟಿದ್ದ ಕೊಡಲಿ ಎತ್ತಿದ. ತಾಯಿ ಒಳಗಿನಿಂದ ಓಡಿಬಂದು ಅಂಗಿ ಹಿಡಿದಳು, ಅಂಗಿ ಹರಿಯಿತು. ಟವೆಲ್ಲಿನಿಂದ ಕೈ ಹೊರಬರುವ ಹೊತ್ತಿಗೆ ಕೊಡಲಿ ಇಳಿದಿತ್ತು. ಮಣಿಕಟ್ಟಿನ ಮೇಲೆ, ಸೌದೆ ಸೀಳಿದ ಸಪ್ಪಳದೊಂದಿಗೆ. ಅಜ್ಜಪ್ಪ ತೊಗಲಿನಲ್ಲಿ ನೇತಾಡುತ್ತಿದ್ದ ತನ್ನ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಅದು ಯಾರದೋ ಎಂಬಂತೆ ನೋಡಿ, ಕೂತ. ಕೊಡಲಿಯಿಂದ ಕಿತ್ತುಬಂದ ಚೆಂಡುಹೂವೊಂದು ಅವನ ಮೊಣಕಾಲ ಮೇಲೆ ಬಿತ್ತು. ದಾದಾಸಾಬ ಹಾರೆ ಒಗೆದು ಓಡಿದ.

ನಾನು ಮನೆಯಲ್ಲಿ ಬನ್ನಿ ಕೊಡಲು ಬಂದ ಹುಡುಗರಿಗೆ ಫುಟಾಣಿ ಹಂಚುತ್ತಿದ್ದೆ. ಫೋನು ಬಂತು.

"ಸರ್, ರುದ್ರಮುನಿ. ವರದಿ ಮಾಡಾಕತ್ತೇನ್ರಿ."

"ಏನಪಾ ವರದಿ? ಬನ್ನಿ ತಗೊಂಡು ಬಾ ಮನೀಗೆ!" ನಾನು ಒಳ್ಳೆಯ ಸುದ್ದಿಯೇ ಎಂದುಕೊಂಡಿದ್ದೆ.

"ತಕ್ಷಣ ವರದಿ ಮಾಡಬೇಕು ಅಂದಿದ್ರಲ್ರಿ. ದೊಡ್ಡಪ್ಪ ಆಳ ಕಟಗೊಂಡು, ಹಾರಿ ಗುದ್ಲಿ ತಗೊಂಡು ಅಂಗಳದಾಗ ಬಂದ. ಬ್ಯಾರೆ ದಾರಿ ಇರಲಿಲ್ರಿ. ಯೋಚ್ನಿ ಮಾಡಾಕ ಪುರಸೊತ್ತಿರಲಿಲ್ಲ. ಮೊದಲ ನಾನ ಹೊಡದೇನಿ." ಉಸಿರು ಎಳೆದುಕೊಂಡ. "ಒಂದ ಏಟು ಸರ್. ಪ್ರಮಾಣ ಮೀರ್ಲಿಲ್ಲ."

ಹಿಂದೆ ಗದಿಗೆವ್ವ ಎದೆ ಬಡಿದುಕೊಳ್ಳುವುದು ಕೇಳುತ್ತಿತ್ತು. ನನ್ನ ಕೈಯಿಂದ ಫುಟಾಣಿ ನೆಲಕ್ಕೆ ಸುರಿಯಿತು.

ಹಾವೇರಿಯ ಆಸ್ಪತ್ರೆಯಲ್ಲಿ ಕೈಯನ್ನು ಉಳಿಸಲಾಗಲಿಲ್ಲ. ಮರುದಿನ ಮುಂಜಾನೆ ನಾನು ಹೋದಾಗ ಅಜ್ಜಪ್ಪನಿಗೆ ಎಚ್ಚರವಿತ್ತು, ಮುಖ ಬೂದಿಯಾಗಿತ್ತು. ಪೊಲೀಸನೊಬ್ಬ ಹೇಳಿಕೆ ಬರೆದುಕೊಂಡು ಆಗಲೇ ಹೋಗಿದ್ದ. ಗದಿಗೆವ್ವ ಹಾಸಿಗೆಯ ಕಾಲಿಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಇಬ್ಬರೂ ಮುಖ ಮುಖ ನೋಡಿಕೊಂಡರು.

"ನಾ ಹೊಡಿಯಾಕ ಹೋಗಿದ್ನಿ ಅಂತ ಬರಿಸೇನಿ" ಎಂದ ಅಜ್ಜಪ್ಪ. "ಆಳ ಕಟಗೊಂಡು, ಹಾರಿ ತಗೊಂಡು ಅವನ ತಲೀ ಒಡಿಯಾಕ ಹೋಗಿದ್ನಿ. ಅವ ಉಳಕೊಳ್ಳಾಕ ಹೊಡದ. ಬಿಡ್ತಾರಲ್ರಿ ಅವನ್ನ?"

"ಬಿಡಬಹುದು. ಆದರ ಅದು ಖರೇ ಅಲ್ಲ."

"ಖರೇ ತಗೊಂಡು ಏನ್ ಮಾಡ್ಲಿ? ಹಿರ್ಯಾ ಆದಾಂವ ಸಣ್ಣಾಂವನ ಬಾಗಲಕ್ಕ ಬನ್ನಿ ಹಿಡಕೊಂಡು ಹೋಗಿ ಕೈ ಕಡಿಸಿಕೊಂಡ ಅಂತ ಊರ ಮಾತಾಡಬೇಕನು? ಹೊಡಿಯಾಕ ಹೋಗಿ ಕಡಿಸಿಕೊಂಡ್ನಿ ಅಂದ್ರ ಅದೊಂದ ಗಂಡಸ್ತನ. ಹುಡುಗನೂ ಉಳೀತಾನ."

ಗದಿಗೆವ್ವ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ರಕ್ತ ಒಣಗಿ ಕಪ್ಪಾದ ಬನ್ನಿ ಎಲೆಗಳು. "ಗಾಯಕ್ಕ ಟವೆಲ್ಲ ಬಿಗೀವಾಗ ಸಿಕ್ಕೂವ್ರಿ. ಮುಷ್ಟಿ ಬಿಡಿಸಿ ತಗದೇನಿ. ಅವಗ ತೋರಿಸಿಲ್ಲ. ಅಂವ ಕಾನೂನ ಪ್ರಕಾರ ಹೊಡದೇನಿ ಅಂತ ಕುಂತಾನ, ಹಂಗ ಇರ್ಲಿ. ನಿಮ್ಮ ಕಾಲ ಹಿಡೀತೇನಿ ಸರ್, ಬಾಯಿ ಬಿಡಬ್ಯಾಡ್ರಿ."

ಮೂವರು ಒಪ್ಪಿದರೆ ಮುಗಿಯಿತು. ಎಂಥ ಚೆಂದದ ಒಪ್ಪಂದ, ಎರಡೂ ಪಕ್ಷಕ್ಕೆ ಲಾಭ. ನಾನೂ ಬಾಯಿ ಬಿಡದಿದ್ದರೆ ನನ್ನ ಪಾಲೂ ಮುಚ್ಚಿಹೋಗುತ್ತಿತ್ತು. ಆಗಲಿ ಎಂದು ತಲೆಯಾಡಿಸಿ ಹೊರಬಂದೆ, ಹಲಗೇರಿಯ ಠಾಣೆಗೆ ಹೊರಟೆ.

ಠಾಣೆಯ ಹೊರಗೆ ಬೇವಿನ ಗಿಡದ ಕೆಳಗೆ ದಾದಾಸಾಬನ ಹೆಂಡತಿ ರಹಿಮತಬಿ ಬುತ್ತಿ ಹಿಡಿದು ಕೂತಿದ್ದಳು. ಬುತ್ತಿ ಬಿಚ್ಚಿರಲಿಲ್ಲ. ಒಳಗೆ ದಾದಾಸಾಬ ನೆಲದ ಮೇಲೆ ಕುಕ್ಕರಗಾಲಿನಲ್ಲಿದ್ದ. ತುಟಿ ಒಡೆದು ಬಾತಿತ್ತು. ಅವನ ಪಕ್ಕ ಗೋಡೆಗೆ ಹಾರೆ, ಚೀಟಿ ಕಟ್ಟಿಸಿಕೊಂಡು ಸಾಕ್ಷಿಯಾಗಿತ್ತು. ಕುಂಕುಮ ಇನ್ನೂ ಹೋಗಿರಲಿಲ್ಲ.

"ಸಾಹೇಬ್ರ, ಹಿರೇರು ಕಲ್ಲ ಕೀಳೂಣ ಬಾ ಅಂದ್ರು, ಹ್ವಾದ್ನಿ. ಈಗ ಕೊಲ್ಲಾಕ ಹೋಗಿದ್ನಿ ಅಂತಾರ. ಹಿರೇರ ಬರಿಸ್ಯಾರಂತ. ನಾ ಯಾರನ್ನ ಕೊಲ್ಲಲಿ? ಎತ್ತಿಗೆ ಹೊಡದ್ರ ನಂಗ ಅಳು ಬರತೈತಿ."

ಒಪ್ಪಂದದಲ್ಲಿ ಇವನ ಸಹಿ ಇರಲಿಲ್ಲ. ದೊಡ್ಡವರು ಮಾತಾಡಿ ಮುಗಿಸಿದಾಗ ಸಣ್ಣ ದೇಶವೊಂದು ನಕ್ಷೆಯಿಂದ ಹೋಗುವ ಪರಿಯನ್ನು ನಾನು ಹತ್ತು ವರ್ಷ ನಕ್ಕು ನಗಿಸಿ ಕಲಿಸಿದ್ದೆ. ಅದಕ್ಕೆ ಒಡೆದ ತುಟಿಯಿರುತ್ತದೆ ಎಂದು ಹೇಳಿರಲಿಲ್ಲ.

ವಕೀಲನೆಂದು ನನ್ನನ್ನು ರುದ್ರಮುನಿಯ ಹತ್ತಿರ ಬಿಟ್ಟರು. ಅವನು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದ, ಪರೀಕ್ಷೆ ಚೆನ್ನಾಗಿ ಬರೆದವನಂತೆ.

"ದೊಡ್ಡಪ್ಪ ಒಪಗೊಂಡಾನಂತಲ್ರಿ ಸರ್. ನನ್ನ ವಾದ ನಿಂತಂಗಾತು."

"ರುದ್ರಾ, ಅವನ ಕೈಯಾಗ ಏನಿತ್ತು ನೋಡಿದೇನು?"

"ಕುಡಗೋಲ ಇರಬೇಕು. ನೋಡಾಕ ಎಲ್ಲಿ ಹೊತ್ತಿತ್ರಿ?"

"ಬನ್ನಿ ಇತ್ತು."

ಅವನು ನಕ್ಕ. ನಾನು ಯಾರದೋ ದನಿ ತೆಗೆಯುತ್ತೇನೆ ಎಂದು ಕಾಯುತ್ತಿದ್ದ. ನಾನು ತೆಗೆಯಲಿಲ್ಲ.

"ಬನ್ನಿ ಕೊಟ್ಟು, ನಿನ್ನ ಮುಂದ ಕಲ್ಲು ಕೀಳಸಲಿಕ್ಕೆ ಬಂದಿದ್ದ. ಹಾರಿ ಅದಕ್ಕ. ಹೋಗು ಅಂತ ಹೇಳಿದಾಂವ ನಾನು."

"ಸಣ್ಣಾಂವನ ಮನೀಗೆ ಹಿರ್ಯಾ ಬರೂದಿಲ್ರಿ ಸರ್" ಎಂದ ಮೆಲ್ಲಗೆ, ನನಗೆ ಪಾಠ ಹೇಳುವಂತೆ. ಆಮೇಲೆ ಅವನ ಮುಖ ಒಂದೊಂದೇ ಇಟ್ಟಿಗೆಯಾಗಿ ಕುಸಿಯಿತು. "ನಿಮಗ ಯಾವಾಗಿಂದ ಗೊತ್ತಿತ್ತು?"

"ಎಂಟು ದಿನ."

ಏಟು ಬಂದದ್ದು ನನಗೆ ಕಾಣಲಿಲ್ಲ. ಯೋಚಿಸಲು ಪುರಸೊತ್ತೂ ಇರಲಿಲ್ಲ. ಗೋಡೆಗೆ ತಲೆ ಬಡಿದು ಕೂತಾಗ ಬಾಯಿ ತುಂಬ ಉಪ್ಪು, ನಾಲಿಗೆಯ ಮೇಲೆ ಎರಡು ಮುಂದಿನ ಹಲ್ಲು. ಪೊಲೀಸರು ಇಬ್ಬರು ಅವನನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮೊಣಕಾಲೂರಿದರು. ಅವನು ಅವರೊಡನೆ ಸೆಣಸಲಿಲ್ಲ. ನೆಲಕ್ಕೆ ಹಣೆ ಚಚ್ಚುತ್ತಿದ್ದ. ಒಂದು, ಎರಡು, ಮೂರು. ಎಣಿಸುವುದನ್ನು ಬಿಟ್ಟೆ.

"ಕಂಪ್ಲೇಂಟ್ ಕೊಡ್ತೀರೇನ್ರಿ ವಕೀಲ್ರ?" ಸಬ್ ಇನ್‌ಸ್ಪೆಕ್ಟರ್ ಕೇಳಿದ.

"ಬ್ಯಾಡ" ಎಂದೆ. ಒಂದೇ ಏಟು, ಪ್ರಮಾಣ ಮೀರಿರಲಿಲ್ಲ. "ಆದರ ಹೇಳಿಕಿ ಕೊಡ್ತೇನಿ, ಬರಕೊಳ್ರಿ." ಹಲ್ಲಿಲ್ಲದ ಸಂದಿಯಿಂದ ಮಾತು ಸೀಟಿಯಂತೆ ಹೊರಬಂತು. ಎಂಟು ದಿನದ್ದನ್ನೆಲ್ಲ ಬರೆಸಿದೆ. ಕಾಲೇಜಿನ ಹಲಗೆಯ ಮೇಲಿನದನ್ನೂ.

ನಾನು ಮುಗಿಸುವ ಹೊತ್ತಿಗೆ ರುದ್ರಮುನಿಯನ್ನು ಎಬ್ಬಿಸಿ ಕೂರಿಸಿದ್ದರು. ಹಣೆಯ ರಕ್ತ ಹುಬ್ಬಿಗಿಳಿದಿತ್ತು. "ನಂದೂ ಬರಕೊಳ್ರಿ ಸಾಹೇಬ್ರ" ಎಂದ. "ಅವ ಹೊಡಿಯಾಕ ಬಂದಿರಲಿಲ್ಲ. ನಾ ಕೈ ಹೊರಗ ತಗಿ ಅಂದೆ, ತಗದ. ತಗಿಯೂದ್ರಾಗ ಹೊಡದೆ. ದಾದಾಸಾಬನ್ನ ಬಿಡ್ರಿ."

"ಏಳೆಂಟು ವರ್ಷ ಜೈಲ ಆಗತೈತಿ ನೋಡು."

"ಬರಕೊಳ್ರಿ."

ಗದಿಗೆವ್ವ ಬಾಗಿಲಲ್ಲಿ ನಿಂತದ್ದು ಆಗ ಕಂಡಿತು. ಯಾವಾಗ ಬಂದಿದ್ದಳೋ. ನನ್ನ ಬಾಯಿ ನೋಡಿದಳು, ಮಗನ ಹಣೆ ನೋಡಿದಳು. ನನ್ನ ಹತ್ತಿರ ಬಂದು ಕೆನ್ನೆಗೆ ಒಂದು ಬಾರಿಸಿದಳು. ಯಾರೂ ತಡೆಯಲಿಲ್ಲ. ಆಮೇಲೆ ಮಗನ ಮುಂದೆ ಕೂತು ಸೆರಗಿನ ಗಂಟು ಬಿಚ್ಚಿದಳು.

ರುದ್ರಮುನಿ ಎಲೆಗಳನ್ನು ಬಹಳ ಹೊತ್ತು ನೋಡಿದ. ಪಟ್ಟಿ ಬಿಚ್ಚಿದ್ದರೂ ಬಾಗದ ಆ ಎರಡು ಬೆರಳಿನ ಕೈಯಿಂದ ಒಂದೊಂದಾಗಿ ಆರಿಸಿ ನನ್ನ ಅಂಗೈಗೆ ಹಾಕಿದ.

"ಇದು ಉಲ್ಟಾ ಆಗೇತ್ರಿ ಸರ್. ನಾ ಸಣ್ಣಾಂವ. ನಾ ಅವಗ ಕೊಡಬೇಕು. ಒಯ್ದು ಕೊಡ್ರಿ."

ಸಂಜೆ ದಾದಾಸಾಬನನ್ನು ಬಿಟ್ಟರು. ಹಾರೆ ಠಾಣೆಯಲ್ಲೇ ಉಳಿಯಿತು. ಅವನು ಮನೆಗೆ ಹೋಗುವ ಮುಂಚೆ ಯಾರದೋ ಹಾರೆ ಇಸಿದುಕೊಂಡು ಬದುವಿಗೆ ಹೋಗಿ, ಕಲ್ಲು ಕಿತ್ತು ಕೆಡವಿದನಂತೆ. ಯಾರೂ ಹೇಳಿರಲಿಲ್ಲ.

ಅದೇ ಹೊತ್ತಿಗೆ ನಾನು ಹಾವೇರಿಯಲ್ಲಿ ಅಜ್ಜಪ್ಪನ ಹಾಸಿಗೆಯ ಪಕ್ಕ ನಿಂತಿದ್ದೆ. ಬಾತ ಬಾಯಲ್ಲಿ ಅಷ್ಟಷ್ಟೇ ಹೇಳಿದೆ. ಅವನು ಪೂರ್ತಿ ಕೇಳಲಿಲ್ಲ. ಎಡಗೈಗೆ ಸಿಕ್ಕ ನೀರಿನ ತಂಬಿಗೆ ಎತ್ತಿ ನನ್ನ ಎದೆಗೆ ಬೀಸಿದ.

"ಯಾರ ಹೇಳಂದ್ರು ನಿನಗ? ಆಣಿ ಮಾಡಿದ್ದೆಲ್ಲಲೇ ಭಾಡ್ಯಾ! ನನ್ನ ಹುಡುಗನ್ನ ಒಳಗ ಹಾಕಸಿದೆಲ್ಲೋ!"

ನರ್ಸು ಓಡಿಬಂದಳು, ಬೈದು ತಂಬಿಗೆ ಕಸಿದಳು. ಒದ್ದೆ ಅಂಗಿಯಲ್ಲಿ ನಿಂತೇ ಇದ್ದೆ. ಅವನ ಉಸಿರು ತಣ್ಣಗಾದ ಮೇಲೆ ಮುಷ್ಟಿ ಬಿಚ್ಚಿದೆ.

"ರುದ್ರ ಕಳಿಸ್ಯಾನ. ಸಣ್ಣಾಂವ ದೊಡ್ಡಾಂವಗ ಕೊಡಬೇಕಂತ."

ಅಜ್ಜಪ್ಪ ಎಲೆಗಳನ್ನು ನೋಡಿದ. ಐವತ್ತು ವರ್ಷದ ರೂಢಿ. ಬಲಗೈ ತಾನೇ ಮುಂದೆ ಬಂತು. ಮುಂದೋಳು ಮುಂದೆ ಬಂತು, ಅದರ ತುದಿಗೆ ಬಿಳಿ ಬಟ್ಟೆಯ ಗುಂಡು. ನಾನು ಅದರ ಮೇಲೇ ಎಲೆ ಇಟ್ಟೆ. ನಿಲ್ಲಲಿಲ್ಲ, ಜಾರಿ ನೆಲಕ್ಕೆ ಬಿತ್ತು.

ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಆರಿಸ್ರಿ" ಎಂದ. "ಇನ್ನೊಮ್ಮೆ ಇಡ್ರಿ."